ಪೊಟ್ಟಣದ ಮೇಲಿನ ‘ಉಣ್ಣೆ’ಯನ್ನು ನಂಬಿ ಹಿಮದ ಚಾರಣಕ್ಕೆ ಹೋಗಬೇಡಿ

ಕಳೆದ ಡಿಸೆಂಬರ್‌ನಲ್ಲಿ, ಬೆಳಗಿನ ಐದು ಗಂಟೆಯ ಕತ್ತಲಲ್ಲಿ, ಉತ್ತರಾಖಂಡದ ಕೇದಾರಕಂಠ ಶಿಖರದ ಹಿಮದ ಇಳಿಜಾರಿನಲ್ಲಿ ಕುಳಿತು ನನ್ನ ಅಕ್ಕನ ಮಗಳ ಬೂಟು ಬಿಚ್ಚಿದೆವು. ಕಾಲುಚೀಲವನ್ನು ಎಳೆದಾಗ ಹಿಮ್ಮಡಿಯ ಚರ್ಮವೂ ಅದರ ಜೊತೆಗೇ ಎದ್ದು ಬಂತು. ಅವಳು ಅಳಲಿಲ್ಲ. ಬೆರಳುಗಳು ಮರಗಟ್ಟಿ ಅವಳಿಗೆ ನೋವೇ ಗೊತ್ತಾಗುತ್ತಿರಲಿಲ್ಲ. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಆ ಕಾಲುಚೀಲವನ್ನು ಕೊಂಡು ಕೊಟ್ಟವಳು ನಾನು. ‘ನೂರಕ್ಕೆ ನೂರು ಮೆರಿನೋ ಉಣ್ಣೆ, ಹಿಮಕ್ಕೂ ಮಳೆಗೂ ಸೂಕ್ತ’ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರು. ಮೆರಿನೋ ಎಂದರೆ ಬಹಳ ನಯವಾದ ಉಣ್ಣೆ ಕೊಡುವ ಒಂದು ಕುರಿತಳಿ. ಆನ್‌ಲೈನ್‌ನಲ್ಲಿ ಮೂರು ಜೊತೆಗೆ 499 ರೂಪಾಯಿ. ಈ ಚಳಿಗಾಲದಲ್ಲಿ ಹಿಮ ನೋಡಲು ಹೊರಟಿರುವವರು, ಅದರಲ್ಲೂ ಮನೆಯ ಮಕ್ಕಳನ್ನು ಮೊದಲ ಸಲ ಕರೆದೊಯ್ಯುತ್ತಿರುವವರು, ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಾವು ತಯಾರಿಯಿಲ್ಲದೆ ಹೋದವರಲ್ಲ. ಬೂಟುಗಳನ್ನು ಆರು ತಿಂಗಳು ಮೊದಲೇ ಕೊಂಡು, ಚಿತ್ರದುರ್ಗದ ಕೋಟೆಯಲ್ಲೂ ಜೋಗಿಮಟ್ಟಿಯ ದಾರಿಯಲ್ಲೂ ನಡೆದು ಕಾಲಿಗೆ ಒಗ್ಗಿಸಿಕೊಂಡಿದ್ದೆವು. ಮಳೆಯಂಗಿಯನ್ನು ಬಚ್ಚಲಿನಲ್ಲಿ ನೀರು ಸುರಿದು ನೋಡಿದ್ದೆವು. ಬೆನ್ನಚೀಲಕ್ಕೆ ಅಕ್ಕಿ ತುಂಬಿಕೊಂಡು ಮೆಟ್ಟಿಲು ಹತ್ತಿದ್ದೆವು. ಕಾಲುಚೀಲವೊಂದನ್ನು ಮಾತ್ರ ಪರೀಕ್ಷಿಸಲಿಲ್ಲ. ಹೊಸದಾಗಿಯೇ ಇರಲಿ ಎಂದು ಪೊಟ್ಟಣವನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು, ಡೆಹ್ರಾಡೂನ್‌ನಿಂದ ಸುಮಾರು 200 ಕಿಲೋಮೀಟರ್ ದೂರದ ಸಾಂಕ್ರಿ ಹಳ್ಳಿಯಲ್ಲಿ, ನಡಿಗೆ ಶುರುವಾಗುವ ಬೆಳಿಗ್ಗೆ ಒಡೆದೆವು.

ಮೊದಲ ದಿನ ಬಿಸಿಲಿತ್ತು. ಜೂಡಾ ಕಾ ತಾಲಾಬ್ ಎಂಬ ಕೆರೆಯ ಕಡೆಗೆ ಕಾಡಿನ ಏರು. ಹಿಮಾಲಯವೆಂದರೆ ಚಳಿ ಎಂದುಕೊಂಡು ಹೋದವರಿಗೆ, ಹೊರೆ ಹೊತ್ತು ಹತ್ತುವಾಗ ಅಂಗಾಲು ಎಷ್ಟು ಬೆವರುತ್ತದೆ ಎಂಬುದು ಗೊತ್ತಿರುವುದಿಲ್ಲ. ಎರಡು ಗಂಟೆ ಕಳೆದಿರಬೇಕು, ಅವಳು ಹೇಳಿದಳು: ‘ಚಿಕ್ಕಮ್ಮ, ಹಿಮ್ಮಡಿಯಲ್ಲಿ ಏನೋ ಬಿಸಿ ಬಿಸಿಯಾಗುತ್ತಿದೆ.’

‘ಇನ್ನು ಅರ್ಧ ಗಂಟೆ ಅಷ್ಟೇ ಪುಟ್ಟಿ, ಟೆಂಟ್‌ನಲ್ಲಿ ನೋಡೋಣ’ ಎಂದೆ.

ನನ್ನಿಂದಾದ ದೊಡ್ಡ ತಪ್ಪು ಇದು. ಆ ಬಿಸಿಯೇ ನೀರುಗುಳ್ಳೆಯ ಮುನ್ಸೂಚನೆ. ಆಗಲೇ, ಅಲ್ಲಿಯೇ, ದಾರಿಯ ನಡುವೆಯೇ ಕುಳಿತು ಬೂಟು ಬಿಚ್ಚಿ, ಕಾಲು ಒರೆಸಿ, ಆ ಜಾಗಕ್ಕೆ ಟೇಪು ಅಂಟಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಮೇಲಿನಿಂದ ಉಜ್ಜಿ ಉಜ್ಜಿ ಗುಳ್ಳೆ ಏಳುತ್ತದೆ ಎಂದು ನಾವು ತಿಳಿದಿರುತ್ತೇವೆ. ಅಷ್ಟೇ ಅಲ್ಲ. ಒದ್ದೆಯಾದ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಂತಿರುತ್ತದೆ, ಒಳಗಿನ ಮೂಳೆ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ, ಈ ಎರಡರ ಎಳೆದಾಟದಲ್ಲಿ ಚರ್ಮದ ಪದರಗಳು ಒಳಗೇ ಬೇರೆಯಾಗುತ್ತವೆ. ಆ ಸಂದಿಯಲ್ಲಿ ನೀರು ತುಂಬುತ್ತದೆ. ಹೊರಗೆ ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಸಂಜೆ ನೋಡಿದರೆ ಕಾಲುಚೀಲ ಹಿಂಡಿದರೆ ನೀರು ಬರುವಷ್ಟು ಒದ್ದೆ. ಅವಳ ಹಿಮ್ಮಡಿಯಲ್ಲಿ ಹುಣಸೆಬೀಜದ ಗಾತ್ರದ ಗುಳ್ಳೆ. ಎರಡನೆಯ ದಿನ ಎರಡನೆಯ ಜೊತೆಯೂ ಅದೇ ಪಾಡಾಯಿತು. ಮೂರನೆಯ ದಿನ ನಸುಕಿನ ಮೂರು ಗಂಟೆಗೆ ಶಿಖರಕ್ಕೆ ಹೊರಡುವಾಗ, ಚಳಿ ಹೆಚ್ಚಿದೆಯೆಂದು ಒಂದರ ಮೇಲೊಂದು ಎರಡು ಜೊತೆ ಹಾಕಿಸಿದೆ. ಬೂಟು ಬಿಗಿಯಾಗಿ ರಕ್ತ ಓಡಾಡಲು ಜಾಗವಿಲ್ಲದಂತಾಯಿತು. ಬಿಗಿದ ಬೂಟಿನೊಳಗೆ ಎರಡು ಪದರ ಹಾಕಿದರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಿ. ಕೇದಾರಕಂಠ ಸುಮಾರು 3,810 ಮೀಟರ್ ಎತ್ತರ. ಆ ತುದಿಗೆ ನಾವು ಹೋಗಲಿಲ್ಲ.

ಆ ಇಳಿಜಾರಿನಲ್ಲಿ ಬೂಟು ಬಿಚ್ಚಿದಾಗ, ನಮ್ಮ ಜೊತೆಗಿದ್ದ ಮಾರ್ಗದರ್ಶಿ ಹುಡುಗ ಒಂದು ಮಾತನ್ನೂ ಆಡದೆ ಅವಳ ಪಾದಗಳನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಕುಳಿತ. ಬೆರಳುಗಳಿಗೆ ಬಣ್ಣ ಮರಳಿದ ಮೇಲೆ ಗಾಯಕ್ಕೆ ಪಟ್ಟಿ ಕಟ್ಟಿ, ತನ್ನ ಚೀಲದಿಂದ ಮನೆಯಲ್ಲಿ ಹೆಣೆದ ಒಂದು ಜೊತೆ ದಪ್ಪ ಕಾಲುಚೀಲ ತೆಗೆದು ತೊಡಿಸಿದ. ಅದನ್ನು ಕೈಗೆ ತೆಗೆದುಕೊಂಡಾಗ ನನಗೊಂದು ವಾಸನೆ ಬಂತು. ಚಳ್ಳಕೆರೆಯ ಕಡೆಯ ನಮ್ಮ ಊರಿನಲ್ಲಿ, ಮಳೆಯಲ್ಲಿ ನೆಂದು ಬಂದ ಅಜ್ಜ ಕರಿಕಂಬಳಿಯನ್ನು ಪಡಸಾಲೆಯ ಗಳುವಿನ ಮೇಲೆ ಹಾಕಿದರೆ ಮನೆಯೆಲ್ಲ ತುಂಬುತ್ತಿದ್ದ ವಾಸನೆ ಅದು. ಒದ್ದೆ ಉಣ್ಣೆಯ ವಾಸನೆ. ಕುರಿಯ ವಾಸನೆ.

ಮೂರು ದಿನ ಒದ್ದೆಯಾಗಿದ್ದ ನಮ್ಮ ‘ಮೆರಿನೋ’ದಿಂದ ಒಮ್ಮೆಯೂ ಆ ವಾಸನೆ ಬಂದಿರಲಿಲ್ಲ. ಕಂಬಳಿ ಹೊದ್ದು ಬೆಳೆದ ನನಗೆ ಅದು ಹೊಳೆಯಬೇಕಿತ್ತು.

ಊರಿಗೆ ಬಂದ ಮೇಲೆ ವೈದ್ಯರು ಗಾಯಕ್ಕೆ ಸೋಂಕು ತಗುಲಿದೆ ಎಂದರು. ಮಾತ್ರೆ, ಪ್ರತಿದಿನ ಪಟ್ಟಿ ಬದಲಾವಣೆ, ಮೂರು ವಾರ ಬರೀ ಚಪ್ಪಲಿ. ಇಳಿಯುವಾಗ ಬೂಟಿನ ತುದಿಗೆ ಬಡಿದು ಬಡಿದು ಹೆಬ್ಬೆರಳಿನ ಉಗುರು ಕಪ್ಪಾಗಿ ಕಳಚಿತು. ಒಂದು ಭಾನುವಾರ ಅಕ್ಕನ ಮನೆಯ ಹಿತ್ತಲಿನಲ್ಲಿ ಸ್ಟೀಲ್ ತಟ್ಟೆ, ಇಕ್ಕಳ, ಬೆಂಕಿಪೊಟ್ಟಣ ಇಟ್ಟುಕೊಂಡು ಕುಳಿತೆ. ಅಜ್ಜನ ಕಂಬಳಿಯ ಅಂಚಿನಿಂದ ಒಂದು ಎಳೆ, ಕಾಲುಚೀಲದ ಹಿಮ್ಮಡಿಯಿಂದ ಒಂದು ಎಳೆ. ಕಂಬಳಿಯ ಎಳೆಗೆ ಕಡ್ಡಿ ತಾಗಿಸಿದಾಗ ಅದು ಮೆಲ್ಲಗೆ ಮುದುಡಿ ಉರಿದು, ಬೆಂಕಿ ತೆಗೆದೊಡನೆ ತಾನೇ ಆರಿತು. ಕೂದಲು ಸುಟ್ಟ ವಾಸನೆ. ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ಕಾಲುಚೀಲದ ಎಳೆ ಭಗ್ಗನೆ ಹೊತ್ತಿ, ಕರಗಿ, ತಟ್ಟೆಯ ಮೇಲೆ ತೊಟ್ಟಿಕ್ಕಿತು. ಆರಿದ ಮೇಲೆ ಉಳಿದದ್ದು ಕಲ್ಲಿನಂತಹ ಕಪ್ಪು ಮಣಿ. ಅದು ಅಕ್ರಿಲಿಕ್‌ನಂತಹ ಕೃತಕ ನೂಲು. ಉಣ್ಣೆಯ ಸುಳಿವೇ ಇರಲಿಲ್ಲ.

ನೂಲು ಯಾವುದಾದರೇನು ಎನ್ನುವವರಿಗೆ ಇದನ್ನು ಹೇಳಬೇಕು. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೇ ಹಿಡಿದುಕೊಳ್ಳಬಲ್ಲದು, ಆದರೂ ಕೈಗೆ ಒದ್ದೆಯೆನಿಸುವುದಿಲ್ಲ. ಬೆವರು ನೀರಾಗುವ ಮೊದಲೇ, ಆವಿಯಾಗಿರುವಾಗಲೇ ಅದನ್ನು ಹೀರಿಕೊಳ್ಳುತ್ತದೆ. ಅಕ್ರಿಲಿಕ್‌ನ ಎಳೆ ಹೀಗೆ ಹೀರುವುದು ಅತಿ ಕಡಿಮೆ. ದಪ್ಪ, ಅಗ್ಗದ ಹೆಣಿಗೆಯಾದರೆ ನೀರು ಎಳೆಗಳ ನಡುವೆ ನಿಂತು ಚರ್ಮವನ್ನು ನೆನೆಸುತ್ತಲೇ ಇರುತ್ತದೆ. ಹತ್ತಿಯ ಕಾಲುಚೀಲವಂತೂ ಹಿಮದಲ್ಲಿ ಬೇಡವೇ ಬೇಡ. ಅದು ನೀರನ್ನು ಕುಡಿಯುತ್ತದೆ, ಬಿಡುವುದಿಲ್ಲ.

ಇದರ ಜೊತೆಗೆ ಇನ್ನೊಂದು ದೋಷವೂ ಇತ್ತು. ಪೊಟ್ಟಣದ ಮೇಲೆ ‘ಫ್ರೀ ಸೈಜ್’ ಎಂದಿತ್ತು. ನನ್ನ ಕಾಲಿಗೆ ಎಂಟನೆಯ ನಂಬರಿನ ಬೂಟು, ಅವಳದ್ದಕ್ಕೆ ಐದು. ಕಾಲುಚೀಲದಲ್ಲಿ ನನ್ನ ಹಿಮ್ಮಡಿಗೆ ಸರಿಯಾಗಿ ಕೂರುತ್ತಿದ್ದ ಉಬ್ಬು ಅವಳಿಗೆ ಕಣಕಾಲಿನ ಮೇಲೆ ಬರುತ್ತಿತ್ತು. ಹೆಚ್ಚಾದ ಬಟ್ಟೆ ಬೂಟಿನೊಳಗೆ ಮಡಿಚಿಕೊಂಡು ನೆರಿಗೆಯಾಗಿತ್ತು. ಒಂದೇ ಪೊಟ್ಟಣದ ಕಾಲುಚೀಲ ನನಗೆ ಬರೀ ಒದ್ದೆಯ ಕಿರಿಕಿರಿ ಕೊಟ್ಟು ಅವಳಿಗೆ ಗಾಯ ಮಾಡಿದ್ದಕ್ಕೆ ಕಾರಣ ಅದೇ. ಚಾರಣದ ಕಾಲುಚೀಲವನ್ನು ಬೂಟಿನ ನಂಬರಿಗೆ ಹೊಂದುವ ಅಳತೆಯಲ್ಲಿಯೇ ಕೊಳ್ಳಿ. ಫ್ರೀ ಸೈಜ್ ಎಂದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇಷ್ಟಾದ ಮೇಲೆ ನಾನು ಇನ್ನೊಂದು ಬದಿಯ ತಪ್ಪನ್ನೂ ಮಾಡಿದೆ. ಅಪ್ಪಟ ಉಣ್ಣೆಯೇ ಬೇಕೆಂದು ಹಟ ಹಿಡಿದು, ಹೆಚ್ಚು ಬೆಲೆ ಕೊಟ್ಟು, ನೈಲಾನ್ ಬೆರೆಸದ ಒಂದು ಜೊತೆ ತೆಳುವಾದ ಮೆರಿನೋ ಕಾಲುಚೀಲ ತರಿಸಿದೆ. ಸುಟ್ಟು ನೋಡಿದೆ, ನಿಜವಾದ ಉಣ್ಣೆಯೇ. ತೊಟ್ಟರೆ ಮೋಡ ತೊಟ್ಟಂತೆ. ಕಂಬಳಿಯ ಉಣ್ಣೆಯಂತೆ ಅದು ಚುಚ್ಚುವುದಿಲ್ಲ, ಏಕೆಂದರೆ ಒಳ್ಳೆಯ ಮೆರಿನೋ ಎಳೆಯ ದಪ್ಪ ಸುಮಾರು 20 ಮೈಕ್ರಾನ್‌ಗಿಂತ ಕಡಿಮೆ. (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.) ನಮ್ಮ ದಖ್ಖನಿ ಕುರಿಯ ಉಣ್ಣೆ ಅದಕ್ಕಿಂತ ಬಹಳ ಒರಟು. ಆದರೆ ಅಷ್ಟು ನಯವಾದ ಎಳೆಗೆ ಬೂಟಿನ ಉಜ್ಜಾಟ ತಡೆಯುವ ಶಕ್ತಿಯಿಲ್ಲ. ನಾಲ್ಕನೆಯ ನಡಿಗೆಯ ಹೊತ್ತಿಗೆ ಹಿಮ್ಮಡಿಯಲ್ಲಿ ತೂತು ಬಿತ್ತು. ಒಳ್ಳೆಯ ಚಾರಣದ ಕಾಲುಚೀಲಗಳಲ್ಲಿ ಉಣ್ಣೆಯ ಜೊತೆ ಗಟ್ಟಿತನಕ್ಕೆ ನೈಲಾನ್, ಹಿಡಿತಕ್ಕೆ ಸ್ವಲ್ಪ ಲೈಕ್ರಾ ಎಂಬ ಹಿಗ್ಗುವ ನೂಲು ಇದ್ದೇ ಇರುತ್ತದೆ. ನೈಲಾನ್ ಎಂದು ಬರೆದಿದ್ದರೆ ಮೋಸ ಎಂದುಕೊಳ್ಳಬೇಡಿ. ನಾನು ಈಗ ಹುಡುಕುವುದು ಉಣ್ಣೆ ಶೇಕಡಾ 60ರಿಂದ 70ರ ಆಸುಪಾಸಿನಲ್ಲಿದ್ದು, ಉಳಿದದ್ದು ಏನೆಂದು ಬಿಡಿಬಿಡಿಯಾಗಿ ಬರೆದಿರುವುದನ್ನು. ರಬ್ಬರಿನಂತೆ ಎಳೆದು ಬಿಟ್ಟರೆ ಹಿಂದಕ್ಕೆ ಜಗ್ಗುವ ಕಾಲುಚೀಲದ ಮೇಲೆ ‘ನೂರಕ್ಕೆ ನೂರು ಉಣ್ಣೆ’ ಎಂದು ಬರೆದಿದ್ದರೆ ಅಲ್ಲಿಯೇ ಅನುಮಾನ ಬರಬೇಕು. ಬೆರಕೆ ನೂಲನ್ನು ಸುಟ್ಟರೆ ಕೂದಲಿನ ವಾಸನೆಯೂ ಬರುತ್ತದೆ, ಸ್ವಲ್ಪ ಮಣಿಯೂ ಕಟ್ಟುತ್ತದೆ. ಅದು ಸಹಜ. ಕೂದಲಿನ ವಾಸನೆ ಸ್ವಲ್ಪವೂ ಬರದಿದ್ದರೆ ಮಾತ್ರ ಮೋಸ.

ಈಗ ನನ್ನ ಮನೆಯಲ್ಲಿ ಯಾವ ಹೊಸ ಕಾಲುಚೀಲವೂ ನೇರವಾಗಿ ಬೆಟ್ಟಕ್ಕೆ ಹೋಗುವುದಿಲ್ಲ. ಮೊದಲು ಒಳಮಗ್ಗುಲು ತಿರುಗಿಸಿ ಬೆರಳ ತುದಿಯ ಹೊಲಿಗೆಯ ಮೇಲೆ ಉಗುರು ಎಳೆಯುತ್ತೇನೆ. ಉಗುರಿಗೆ ದಿಣ್ಣೆ ಸಿಕ್ಕಿದರೆ ಕಿರುಬೆರಳಿಗೂ ಸಿಗುತ್ತದೆ. ಆಮೇಲೆ ಹೊರೆ ಹೊತ್ತು ಎರಡು ಗಂಟೆಯ ನಡಿಗೆ. ಅದು ಸರಿಯಾದರೆ ಮುಖ್ಯವಾದ ಪರೀಕ್ಷೆ: ಕಾಲುಚೀಲವನ್ನು ಬೇಕೆಂದೇ ನೀರಲ್ಲಿ ಅದ್ದಿ, ಹಿಂಡಿ, ತೊಟ್ಟು ಒಂದು ಗಂಟೆ ನಡೆಯುವುದು. ಮನೆಯ ಹತ್ತಿರವೇ ಮಾಡಿ, ಬೇಕೆಂದಾಗ ಬಿಚ್ಚಲು ಆಗಬೇಕು. ಒಣಗಿದ್ದಾಗ ಎಲ್ಲ ಕಾಲುಚೀಲವೂ ಒಳ್ಳೆಯದೇ. ಒದ್ದೆಯಾದಾಗ ಜಾರುತ್ತದೆಯೇ, ನೆರಿಗೆ ಕಟ್ಟುತ್ತದೆಯೇ, ಕಾಲು ಬೆಚ್ಚಗಿರುತ್ತದೆಯೇ ಎಂಬುದು ಆ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಇಳಿಜಾರಿನಲ್ಲೂ ನಡೆಯಲೇಬೇಕು, ಏಕೆಂದರೆ ಬೆರಳುಗಳ ಗತಿ ತಿಳಿಯುವುದು ಇಳಿಯುವಾಗ.

ಇದೆಲ್ಲ ದಾಟಿದ ಜೊತೆಯನ್ನು ತೊಟ್ಟು ಕುಕ್ಕೆಯ ಕಡೆಯಿಂದ ಕುಮಾರಪರ್ವತಕ್ಕೆ ಹೋಗಿ ಬಂದೆ. 1,712 ಮೀಟರ್ ಎತ್ತರದ ಆ ಬೆಟ್ಟದ ಉದ್ದನೆಯ ಇಳಿತದಲ್ಲಿ ಗುಳ್ಳೆ ಏಳದಿದ್ದರೆ ಆ ಕಾಲುಚೀಲವನ್ನು ನಂಬಬಹುದು. (ಉಣ್ಣೆಯ ಕಾಲುಚೀಲ ಕಾಡಿನ ಜಿಗಣೆಯಾದ ಇಂಬಳವನ್ನು ತಡೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಹೆಣಿಗೆಯ ಸಂದಿಯಲ್ಲಿ ಅದು ತೂರುತ್ತದೆ. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ ಚೀಲವೇ ಬೇರೆ.)

ಬಾಳಿಕೆಯ ವಿಷಯದಲ್ಲಿ ಬೆಳಕೇ ಸಾಕ್ಷಿ. ಪ್ರತಿ ಸಲ ಒಗೆದ ಮೇಲೆ ಮುಷ್ಟಿಯನ್ನು ಕಾಲುಚೀಲದೊಳಗೆ ಹಾಕಿ ಕಿಟಕಿಗೆ ಹಿಡಿಯಿರಿ. ಹಿಮ್ಮಡಿ ಮತ್ತು ಅಂಗಾಲಿನ ಮುಂಭಾಗದಲ್ಲಿ ಬೆಳಕು ಹೆಚ್ಚು ತೂರುತ್ತಿದ್ದರೆ ಅಲ್ಲಿ ಉಣ್ಣೆ ಸವೆದು ಬರೀ ನೈಲಾನ್ ಉಳಿದಿದೆ ಎಂದರ್ಥ. ಅಂಥದ್ದನ್ನು ದೂರದ ಚಾರಣಕ್ಕೆ ಒಯ್ಯಬೇಡಿ. ಒಗೆಯುವುದು ತಣ್ಣೀರಿನಲ್ಲಿ, ಒಳಮಗ್ಗುಲು ತಿರುಗಿಸಿ. ಬಿಸಿನೀರಿನಲ್ಲಿ ಕುಕ್ಕಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಬಟ್ಟೆ ಮೆದುವಾಗಲೆಂದು ಹಾಕುವ ದ್ರಾವಣವೂ ಬೇಡ, ಅದು ಎಳೆಯ ಮೇಲೆ ಪದರ ಕಟ್ಟಿ ಹೀರುವ ಗುಣವನ್ನು ಕುಂದಿಸುತ್ತದೆ. ಶಿಬಿರದಲ್ಲಿ ಬೆಂಕಿಯ ಪಕ್ಕ ಒಣಗಿಸಲು ಇಡಬೇಡಿ, ನೈಲಾನ್ ಕರಗುತ್ತದೆ. ನಡೆಯಲು ಎರಡು ಜೊತೆ ಇರಲಿ. ಮೂರನೆಯದು ಮಲಗಲು ಮಾತ್ರ, ಏನೇ ಆದರೂ ಬೂಟಿನೊಳಗೆ ಹೋಗಕೂಡದು.

ಮಾರಾಟಗಾರನಿಗೆ ಬರೆದಾಗ, ಹಿಂದಿರುಗಿಸಲು ಇದ್ದ ಏಳು ದಿನ ಕಳೆದಿದೆ ಎಂಬ ಉತ್ತರ ಬಂತು. ಪೊಟ್ಟಣವನ್ನು ಮತ್ತೆ ನೋಡಿದೆ. ಕಾನೂನಿನ ಪ್ರಕಾರ ಇರಲೇಬೇಕಾದ ತಯಾರಕರ ವಿಳಾಸ, ತಯಾರಾದ ತಿಂಗಳು, ದೂರು ಕೊಡಬೇಕಾದ ಸಂಖ್ಯೆ, ಒಂದೂ ಇರಲಿಲ್ಲ. ಕೊಳ್ಳುವ ದಿನವೇ ನೋಡಿದ್ದರೆ ಅಷ್ಟೇ ಸಾಕಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಪೊಟ್ಟಣದ ಮತ್ತು ಸುಟ್ಟ ಎಳೆಯ ಚಿತ್ರಗಳನ್ನು ಇಟ್ಟುಕೊಂಡು ದೂರು ಕೊಟ್ಟೆ. ಕೆಲವು ವಾರಗಳ ನಂತರ 499 ರೂಪಾಯಿ ವಾಪಸ್ಸು ಬಂತು. ನಿಮಗೂ ಹೀಗಾದರೆ ಪೊಟ್ಟಣ, ರಸೀದಿ ಎರಡನ್ನೂ ಎಸೆಯದೆ ಇಟ್ಟುಕೊಳ್ಳಿ.

ಅವಳ ಹೆಬ್ಬೆರಳಿನಲ್ಲಿ ಹೊಸ ಉಗುರು ಅರ್ಧದಷ್ಟು ಬಂದಿದೆ. ಪೂರ್ತಿ ಬೆಳೆಯಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಮೊನ್ನೆ ರಾತ್ರಿ ಅವಳೇ ಮೊಬೈಲ್ ತಂದು ತೋರಿಸಿದಳು. ಅದೇ ಬೂದು ಬಣ್ಣದ ಕಾಲುಚೀಲ, ಬದಿಯಲ್ಲಿ ಅದೇ ಕಿತ್ತಳೆ ಪಟ್ಟಿ, ಅದೇ ಹಿಮಬೆಟ್ಟದ ಚಿತ್ರ. ಹೆಸರು ಮಾತ್ರ ಬೇರೆ. ಈಗ ಮೂರು ಜೊತೆಗೆ 549 ರೂಪಾಯಿ.