ಚೆಕ್ ಇಂಜಿನ್ ಲೈಟ್‌ಗೆ ಬ್ಲೂಟೂತ್ ಡಾಂಗಲ್ಲೋ, ವೈರ್ ಸ್ಕ್ಯಾನರ್ರೋ, ಗ್ಯಾರೇಜೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈರ್ ಇರುವ ಪುಟ್ಟ ಸ್ಕ್ಯಾನರ್‌ಗೆ. ಕಾರಿಗೆ ವಯಸ್ಸಾಗಿದ್ದು, ಬಾನೆಟ್ ಎತ್ತಿ ನೋಡುವ ಆಸಕ್ತಿ ಇದ್ದವರಿಗೆ ಅದೇ ಸರಿ.

ನನ್ನ ಪೆಟ್ರೋಲ್ ಕಾರಿನಲ್ಲಿ ಚೆಕ್ ಇಂಜಿನ್ ಲೈಟ್ ಬಂದಿತ್ತು, ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ನಡುಕ ಬೇರೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0171 ಎಂಬ ದೋಷದ ಕೋಡ್ ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಬದಲಾಯಿಸ್ಬೇಕು" ಎಂದರು. ಆದರೆ ಆ ಕೋಡ್ ಹೇಳುವುದು ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಮಾತ್ರ. ಅದನ್ನು ಕಂಡುಹಿಡಿದು ತಿಳಿಸಿದ್ದೇ ಆ ಸೆನ್ಸರ್. ಮಗುವಿಗೆ ಜ್ವರ ಅಂತ ಹೇಳಲು ಬಂದವರಿಗೇ ಔಷಧಿ ಕುಡಿಸಿದ ಹಾಗಾಗುತ್ತದೆ, ಅಲ್ವಾ? ನಾನೇ ನೋಡುತ್ತೇನೆ ಎಂದು ಗಾಡಿ ವಾಪಸ್ ತಂದೆ.

ಡಾಂಗಲ್ ಅಂದರೆ ಕಾರಿನ ಪೋರ್ಟ್‌ಗೆ ಸಿಕ್ಕಿಸಿ, ಬ್ಲೂಟೂತ್‌ನಲ್ಲಿ ಫೋನಿನ ಆ್ಯಪ್‌ಗೆ ಜೋಡಿಸುವ ಪುಟ್ಟ ಸಾಧನ. ಅಗ್ಗ, ಕೆಲವು ನೂರು ರೂಪಾಯಿ. ಕೋಡ್ ಓದುವುದೇನೋ ಓದಿತು. ನನಗೆ ಬೇಕಿದ್ದದ್ದು ಫ್ಯುಯೆಲ್ ಟ್ರಿಮ್. ಅಂದರೆ ಇಂಜಿನ್ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಹಾಕುತ್ತಿದೆ ಎನ್ನುವ ಅಂಕಿ. ಇಲ್ಲೇ ಡಾಂಗಲ್ ಕೈಕೊಟ್ಟಿತು.

ಇಗ್ನಿಷನ್ ಆನ್ ಮಾಡಿ ಜೋಡಿಸಿದರೆ ಸರಿ ಇರುತ್ತಿತ್ತು. ಸ್ಟಾರ್ಟ್ ಮಾಡಿದ ತಕ್ಷಣ ಬ್ಯಾಟರಿ ವೋಲ್ಟೇಜ್ ಕುಸಿದು ಡಾಂಗಲ್ ಕಟ್ ಆಗುತ್ತಿತ್ತು. ಮತ್ತೆ ಪೇರಿಂಗ್, ಮತ್ತೆ ಆ್ಯಪ್‌ನಲ್ಲಿ ಸುತ್ತುತ್ತಲೇ ಇರುವ ಚಕ್ರ. ಹೇಗೋ ಜೋಡಿಸಿ ಆರ್‌ಪಿಎಂ ಮತ್ತು ಎರಡು ಟ್ರಿಮ್ (ಆ ಕ್ಷಣದ್ದೊಂದು, ದೀರ್ಘಕಾಲದ್ದೊಂದು) ಒಟ್ಟಿಗೆ ಕೇಳಿದರೆ ಅಂಕಿಗಳು ತೆವಳುತ್ತಾ ಬರುತ್ತಿದ್ದವು. ನಾನು ಆಕ್ಸಿಲರೇಟರ್ ಬಿಟ್ಟ ಮೇಲೆ ಪರದೆಯಲ್ಲಿ ಆರ್‌ಪಿಎಂ ಏರುತ್ತಿತ್ತು. ಯಾವ ಅಂಕಿ ಯಾವ ಕ್ಷಣದ್ದು ಅಂತ ಹೇಗೆ ಹೇಳುವುದು? ಅಷ್ಟರಲ್ಲಿ ಫೋನಿಗೆ ಕರೆ ಬಂದರೆ ಇದ್ದ ಸಂಪರ್ಕವೂ ಹೋಯಿತು.

ಅಗ್ಗದ ಡಾಂಗಲ್‌ಗಳಲ್ಲಿ ಹೆಚ್ಚಿನವು ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಇಎಲ್‌ಎಂ327 ಚಿಪ್ಪಿನ ನಕಲು. ಮೇಲೆ ಅಂಟಿಸಿದ ವರ್ಷನ್ ನಂಬರ್ ನಂಬಿ ಕೊಳ್ಳಬೇಡಿ. ಐಫೋನ್ ಇದ್ದವರಿಗೆ ಹಳೇ ಬ್ಲೂಟೂತ್‌ನ ಅಗ್ಗದವು ಆಗುವುದೇ ಇಲ್ಲ, ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬ್ಲೂಟೂತ್) ಅಥವಾ ವೈಫೈ ಇರುವುದು ಬೇಕು.

ವೈರ್ ಸ್ಕ್ಯಾನರ್‌ಗೆ ಈ ರಗಳೆ ಇಲ್ಲ. ಡಾಂಗಲ್‌ನಂತೆ ಇದನ್ನೂ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಪೋರ್ಟ್‌ಗೆ ಸಿಕ್ಕಿಸಬೇಕು, ಕರೆಂಟ್ ಕಾರಿನಿಂದಲೇ ಬರುತ್ತದೆ, ಆದರೆ ಪೇರಿಂಗೂ ಬೇಡ, ಫೋನೂ ಬೇಡ. ಇಂಜಿನ್ ಬಿಸಿಯಾದ ಮೇಲೆ ನೋಡಿದೆ. ಐಡಲಿಂಗ್‌ನಲ್ಲಿ ಎರಡೂ ಟ್ರಿಮ್ ಸೇರಿ ಶೇಕಡಾ 20ಕ್ಕಿಂತ ಜಾಸ್ತಿ ಇತ್ತು. 2,500 ಆರ್‌ಪಿಎಂನಲ್ಲಿ ಹಿಡಿದರೆ 5ರ ಹತ್ತಿರಕ್ಕೆ ಇಳಿಯಿತು. ಐಡಲಿಂಗ್‌ನಲ್ಲಿ ಜಾಸ್ತಿ, ರೇಸ್ ಮಾಡಿದರೆ ಕಡಿಮೆ ಅಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಕಳ್ಳಗಾಳಿ ಒಳಗೆ ಹೋಗುತ್ತಿದೆ ಎಂದೇ ಅನುಮಾನಿಸಬೇಕು. ರೇಸ್ ಮಾಡಿದಾಗಲೇ ಏರುವುದಾದರೆ ಫ್ಯುಯೆಲ್ ಪಂಪ್, ಫಿಲ್ಟರ್ ಕಡೆ ನೋಡಬೇಕು.

ಇಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ಒಂದು ರಬ್ಬರ್ ಹೋಸ್, ಕ್ಲಿಪ್ಪಿನ ಅಡಿಯಲ್ಲೇ ಸೀಳಿತ್ತು. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಬಗ್ಗಿಸಿದಾಗ ಬಾಯಿ ಬಿಡುತ್ತಿತ್ತು. ಬೆರಳಿಂದ ಒತ್ತಿ ಹಿಡಿದ ಕೂಡಲೇ ನಡುಕ ನಿಂತಿತು. ಹೊಸ ಹೋಸ್ ಹಾಕಿದ ಮೇಲೆ ಐಡಲಿಂಗ್ ಟ್ರಿಮ್ ಕೆಳಗಿಳಿಯಿತು, ಲೈಟ್ ಮತ್ತೆ ಬಂದಿಲ್ಲ. ಸೆನ್ಸರ್ ಹಳೆಯದೇ ಇದೆ.

ಕೋಡ್ ಅಳಿಸುವ ಮುನ್ನ ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ಕೋಡ್ ಬಿದ್ದಾಗಿನ ಆರ್‌ಪಿಎಂ, ಕೂಲೆಂಟ್ ಬಿಸಿ ಎಲ್ಲ ಅದರಲ್ಲಿರುತ್ತದೆ. ಕೋಡ್ ಜೊತೆ ಅದೂ ಅಳಿಸಿಹೋಗುತ್ತದೆ.

ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳು ನನ್ನ ಸ್ಕ್ಯಾನರ್‌ನಲ್ಲಿ ಬರುವುದಿಲ್ಲ. ಅದಕ್ಕೆ ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಬೇಕು, ಅಲ್ಲಿಗೇ ಹೋಗುತ್ತೇನೆ. ಕಾರು ವಾರಂಟಿಯಲ್ಲಿದ್ದರೆ ಇವೆರಡೂ ಬೇಡ, ಸರ್ವಿಸ್ ಸೆಂಟರ್‌ಗೆ ಬಿಡಿ. ವರ್ಷಕ್ಕೊಮ್ಮೆ ಕೋಡ್ ನೋಡುವಷ್ಟೇ ಕೆಲಸವಿದ್ದರೆ ಡಾಂಗಲ್ ಸಾಕು. ವೈರ್‌ನದ್ದಕ್ಕೆ ಡಾಂಗಲ್‌ನ ಹಲವು ಪಟ್ಟು ದುಡ್ಡು ಕೊಟ್ಟೆ, ಆದರೂ ಒಂದು ಸೆನ್ಸರ್ ಸುಮ್ನೆ ಬದಲಾಯಿಸುವುದು ತಪ್ಪಿತು. ಕೊಳ್ಳುವಾಗ ಲೈವ್ ಡೇಟಾ (ಇಂಜಿನ್ ಓಡುವಾಗಲೇ ಬದಲಾಗುವ ಟ್ರಿಮ್‌ನಂಥ ಅಂಕಿ) ಇದೆಯಾ ಅಂತ ಕೇಳಿ ನೋಡಿ. ಬರೀ ಕೋಡ್ ಓದಿ ಅಳಿಸುವ ಅಗ್ಗದ ಮಾಡೆಲ್ ಈ ಕೆಲಸಕ್ಕೆ ಬರುವುದಿಲ್ಲ.