ಪದ್ಮಿನಿಗೆ ಮಾರುತಿ ರ‍್ಯಾಕ್ ಹಾಕಿಸುವ ಮುಂಚೆ ಇದನ್ನು ಓದಿ

ಹಳೇ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರು ಬೆಂಗಳೂರಿನ ಯಾವ ಗ್ಯಾರೇಜಿಗೆ ಹೋದರೂ ಒಂದಲ್ಲ ಒಂದು ದಿನ ಈ ಮಾತು ಕೇಳಿರುತ್ತಾರೆ. "ಆ ಸ್ಟೀರಿಂಗ್ ಬಾಕ್ಸ್ ಬಿಚ್ಚಿ ಬಿಸಾಕಿ ಸಾರ್. ಮಾರುತಿ 800ರ ರ‍್ಯಾಕ್ ಹಾಕಿಕೊಡ್ತೀನಿ, ಬೆಣ್ಣೆ ಥರ ತಿರುಗುತ್ತೆ." ಬಾಕ್ಸ್, ರ‍್ಯಾಕ್ ಎರಡೂ ನಾವು ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸಾಧನಗಳು. ರ‍್ಯಾಕ್ ಅಂದರೆ ಎಡಬಲಕ್ಕೆ ಸರಿಯುವ ಹಲ್ಲಿನ ಸರಳು. ಎರಡು ವರ್ಷದ ಹಿಂದೆ ನಾನು ಈ ಮಾತನ್ನು ನಂಬಿದೆ. ದುಡ್ಡು ಹೋಗಿದ್ದು ಹೋಗಲಿ, ಜೀವ ಉಳಿದಿದ್ದು ಅದೃಷ್ಟ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು 1979ರ ಗಾಡಿ, ಅಪ್ಪನದು. ಸ್ಟೀರಿಂಗ್ ತುಂಬಾ ಸಡಿಲವಾಗಿತ್ತು. ಮೂರು ಇಂಚು ತಿರುಗಿಸಿದರೂ ಚಕ್ರ ಅಲ್ಲಾಡುತ್ತಿರಲಿಲ್ಲ. ನೇರ ರಸ್ತೆಯಲ್ಲೂ ಕೈ ಆಡಿಸುತ್ತಲೇ ಇರಬೇಕಿತ್ತು. ಪದ್ಮಿನಿಯದು ಹಳೇ ಕಾಲದ ವರ್ಮ್ ಬಾಕ್ಸ್, ಅಂದರೆ ತಿರುಪಿನಂಥ ಗೇರ್ ಇರುವ ಸ್ಟೀರಿಂಗ್ ಬಾಕ್ಸ್. ಬಾಕ್ಸಿನಿಂದ ಚಕ್ರದವರೆಗೆ ಐಡ್ಲರ್ ಆರ್ಮ್ (ಇನ್ನೊಂದು ಬದಿಯ ಆಧಾರದ ತೋಳು), ನಡುವಿನ ರಾಡ್, ಚಕ್ರವನ್ನು ಎಳೆದು ತಳ್ಳುವ ಟೈ ರಾಡ್‌ಗಳು, ಅವುಗಳ ಬಾಲ್ ಜಾಯಿಂಟ್‌ಗಳು ಸಾಲಾಗಿ ಇರುತ್ತವೆ. ಒಂದೊಂದು ಕಡೆ ಕೂದಲೆಳೆಯಷ್ಟು ಸವೆದಿದ್ದರೂ ಸಾಕು, ಎಲ್ಲಾ ಕೂಡಿ ಕೈಗೆ ಬರುವ ಹೊತ್ತಿಗೆ ಇಂಚುಗಟ್ಟಲೆ ಪ್ಲೇ, ಅಂದರೆ ಸಡಿಲ, ಆಗಿರುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಬಾಕ್ಸೇ ಸರಿಯಿಲ್ಲ ಅಂದುಕೊಂಡೆ.

ಶಿವಾಜಿನಗರದ ಗುಜರಿಯಲ್ಲಿ 2,800 ರೂಪಾಯಿಗೆ ರ‍್ಯಾಕ್ ಸಿಕ್ಕಿತು. ಕೂಲಿ, ವೆಲ್ಡಿಂಗ್ ಎಲ್ಲಾ ಸೇರಿ 16,500. ಗ್ಯಾರೇಜಿನ ಹೆಸರು ಹೇಳುವುದಿಲ್ಲ. ಈ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ. ನಾನು ಸ್ವಲ್ಪ ಅನುಮಾನ ಪಟ್ಟಾಗ, "ಅಂಬಾಸಿಡರ್‌ಗೂ ರ‍್ಯಾಕೇ ಅಲ್ವಾ ಸಾರ್ ಇರೋದು?" ಅಂದರು. ಆ ಮಾತು ನಿಜ. ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಗಾಡಿ, ಅದಕ್ಕೆ ಮೊದಲಿಂದಲೂ ರ‍್ಯಾಕ್ ಇದೆ. ಆದರೆ ಆ ರ‍್ಯಾಕನ್ನು ಆ ಗಾಡಿಯ ಸಸ್ಪೆನ್ಷನ್‌ಗೆ ಅಳತೆ ಮಾಡಿ ಕೂರಿಸಿದ್ದಾರೆ. ಯಾವುದೋ ಗಾಡಿಯದನ್ನು ತಂದು ಅಂಟಿಸಿಲ್ಲ.

ಮೊದಲ ವಾರ ನನಗೆ ಖುಷಿಯೇ ಆಯಿತು. ಪ್ಲೇ ಇರಲಿಲ್ಲ, ಕೈ ಹಗುರ. ಆಮೇಲೆ ಕನಕಪುರ ರಸ್ತೆಯಲ್ಲಿ ಒಂದು ಹಂಪ್ ಹತ್ತಿ ಇಳಿದಾಗ ಗಾಡಿ ತಾನಾಗಿಯೇ ಎಡಕ್ಕೆ ಎಳೆಯಿತು. ಸ್ಟೀರಿಂಗ್ ನೇರವಾಗೇ ಹಿಡಿದಿದ್ದೆ. ಟೈರ್ ಗಾಳಿ ಕಮ್ಮಿ ಇರಬಹುದು ಅಂತ ಸುಮ್ನೆ ಬಿಟ್ಟೆ. ಒಂದು ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಇದೇ ಕಥೆ. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ. ಮೆಷಿನ್ ಮೇಲೆ ನಿಂತಾಗ ಎಲ್ಲಾ ಸರಿ, ರಸ್ತೆಗೆ ಬಂದರೆ ಮತ್ತೆ ಅದೇ. ಚಕ್ರ ಪೂರ್ತಿ ತಿರುಗುತ್ತಲೂ ಇರಲಿಲ್ಲ. ನಮ್ಮ ಗಾಡಿಯ ಚಕ್ರದ ಆರ್ಮ್‌ಗೆ ಆ ರ‍್ಯಾಕಿನ ಓಟ (ಎಡಬಲಕ್ಕೆ ಸರಿಯುವ ದೂರ) ಸಾಲುತ್ತಿರಲಿಲ್ಲ. ಬಸವನಗುಡಿಯ ನಮ್ಮ ಅಡ್ಡರಸ್ತೆಯಲ್ಲಿ ಒಂದೇ ಏಟಿಗೆ ತಿರುಗುತ್ತಿದ್ದ ಗಾಡಿಯನ್ನು ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು.

ನಾಲ್ಕನೇ ತಿಂಗಳು. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಕನಕಪುರದ ಕಡೆಯಿಂದ ವಾಪಸ್ ಬರುತ್ತಿದ್ದೆವು, ದಾರಿಯುದ್ದಕ್ಕೂ 60ರ ವೇಗ. ಮನೆ ಗೇಟಿನಲ್ಲಿ ಗಾಡಿ ಒಳಗೆ ಹಾಕಲು ನಿಂತಲ್ಲೇ ಸ್ಟೀರಿಂಗ್ ಜೋರಾಗಿ ತಿರುಗಿಸಿದೆ. ಟಕ್ ಅಂತ ಸದ್ದು. ಅಷ್ಟೇ. ಸ್ಟೀರಿಂಗ್ ಕೈಯಲ್ಲಿ ಗಿರ‍್ರನೆ ಸುತ್ತಿತು, ಚಕ್ರ ಇದ್ದ ಹಾಗೇ ಇತ್ತು. ಅಮ್ಮ ಇಳಿದು ಒಳಗೆ ಹೋದರು. ನಾನು ಎಷ್ಟೋ ಹೊತ್ತು ಸೀಟಿನಿಂದ ಏಳಲಿಲ್ಲ. ಇದೇ ಸದ್ದು ಇಪ್ಪತ್ತು ನಿಮಿಷ ಮುಂಚೆ ಬಂದಿದ್ದರೆ?

ಸ್ಟೀರಿಂಗ್‌ನಿಂದ ಕೆಳಗೆ ಇಳಿಯುವ ಪದ್ಮಿನಿಯ ರಾಡಿಗೂ ಮಾರುತಿ ರ‍್ಯಾಕಿಗೂ ಹಲ್ಲು ಕೂಡುವುದಿಲ್ಲ. ಅದಕ್ಕೆ ಗ್ಯಾರೇಜಿನವರು ರಾಡನ್ನು ಕತ್ತರಿಸಿ, ಮಾರುತಿಯ ಜಾಯಿಂಟಿನ ತುಂಡನ್ನು ತುದಿಗೆ ತುದಿ ಇಟ್ಟು ವೆಲ್ಡ್ ಮಾಡಿದ್ದರು. ಮೇಲೆ ಗ್ರೈಂಡರ್ ಹೊಡೆದು ಕಪ್ಪು ಬಣ್ಣ. ನೋಡಲು ಹೊಸದರಂತೆ ಇತ್ತು. ಮುರಿದ ಜಾಗಕ್ಕೆ ಟಾರ್ಚ್ ಹಿಡಿದು ನೋಡಿದೆ. ಸುತ್ತಳತೆಯ ಅರ್ಧದಷ್ಟು ತುಕ್ಕಿನ ಕಂದು ಬಣ್ಣ ಇತ್ತು, ಉಳಿದದ್ದು ಬೆಳ್ಳಗೆ ಹೊಳೆಯುತ್ತಿತ್ತು. ಬೆಳ್ಳಗಿರುವುದು ಆವತ್ತು ಮುರಿದದ್ದು. ಕಂದು ಇರುವುದು ಯಾವತ್ತೋ ಬಿರುಕು ಬಿಟ್ಟದ್ದು. ಅಂದರೆ ವಾರಗಟ್ಟಲೆ ನಾವು ಅರ್ಧ ರಾಡಿನ ಮೇಲೆ ಓಡಾಡಿದ್ದೆವು.

ಆಮೇಲೆ ವಿಲ್ಸನ್ ಗಾರ್ಡನ್‌ನಲ್ಲಿ ಫಿಯಟ್ ಕೆಲಸ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಗಾಡಿ ಎಳೆಸಿಕೊಂಡು ಹೋದೆ. ಅವರು ಬೈಯಲಿಲ್ಲ. ಮುಂದಿನ ಒಂದು ಸ್ಪ್ರಿಂಗ್ ಬಿಚ್ಚಿ, ಚಕ್ರದ ಕೆಳಗೆ ಜ್ಯಾಕ್ ಇಟ್ಟು, ಟೈರಿನ ಪಕ್ಕಕ್ಕೆ ಒಂದು ದಾರ ಕಟ್ಟಿದರು. ಜ್ಯಾಕ್ ಎರಡು ಇಂಚು ಏರಿಸಿದರು. ಸ್ಟೀರಿಂಗ್ ಯಾರೂ ಮುಟ್ಟಿರಲಿಲ್ಲ. ಆದರೂ ಟೈರಿನ ಮುಂದಿನ ಅಂಚು ದಾರದಿಂದ ಕಿರುಬೆರಳಿನಷ್ಟು ದೂರ ಸರಿಯಿತು. ಇಳಿಸಿದರು, ವಾಪಸ್ ಬಂತು. ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ಪದ್ಮಿನಿಯ ಮುಂದಿನ ಚಕ್ರ ಮೇಲೊಂದು ಕೆಳಗೊಂದು ಇರುವ ಕವಲು ತೋಳುಗಳಾದ ವಿಶ್‌ಬೋನ್ ಮೇಲೆ ಏರಿಳಿಯುತ್ತದೆ. ಟೈ ರಾಡ್ ಕೂಡ ಅವುಗಳ ಜೊತೆ ಅದೇ ಕಮಾನಿನಲ್ಲಿ ಆಡಬೇಕು. ಅದರ ಉದ್ದ, ಒಳಗಿನ ಜಾಯಿಂಟ್ ಇರುವ ಜಾಗ, ಎತ್ತರ ಎಲ್ಲಾ ಅದಕ್ಕೆ ಹೊಂದಬೇಕು. ಮಾರುತಿ 800ರದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಮೇಲಿನ ತೋಳು ಇಲ್ಲದ ಸಸ್ಪೆನ್ಷನ್, ಬೇರೆಯೇ ಲೆಕ್ಕ. ಆ ರ‍್ಯಾಕ್ ಕೆಟ್ಟದ್ದಲ್ಲ. ಅದು ಈ ಗಾಡಿಯದಲ್ಲ, ಅಷ್ಟೇ. ಹೊಂದದಿದ್ದರೆ ಪ್ರತಿ ಹಂಪಿನಲ್ಲೂ ರಸ್ತೆಯೇ ನಿಮ್ಮ ಗಾಡಿ ತಿರುಗಿಸುತ್ತದೆ. ನಿಂತ ಗಾಡಿಯ ಅಲೈನ್‌ಮೆಂಟ್‌ನಲ್ಲಿ ಇದು ಗೊತ್ತಾಗುವುದಿಲ್ಲ.

ನನ್ನ ಹಳೇ ಬಾಕ್ಸನ್ನು ಆ ಗ್ಯಾರೇಜಿನವರು ಆಗಲೇ ಮಾರಿದ್ದರು. ಇನ್ನೊಂದು ಹುಡುಕಲು ಮೂರು ತಿಂಗಳು ಹಿಡಿಯಿತು. ದಯವಿಟ್ಟು ನಿಮ್ಮ ಗಾಡಿಯಿಂದ ಬಿಚ್ಚಿದ ಯಾವುದನ್ನೂ ಗ್ಯಾರೇಜಿನಲ್ಲಿ ಬಿಡಬೇಡಿ. ಐಡ್ಲರ್ ಬುಷ್, ಟೈ ರಾಡ್ ಎಂಡ್‌ಗಳು, ಕಿಂಗ್ ಪಿನ್ ಸೆಟ್ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಬಾಕ್ಸಿಗೆ ಹೊಸ ಸೀಲ್ ಹಾಕಿ, 90 ನಂಬರ್ ಗೇರ್ ಆಯಿಲ್ ತುಂಬಿದರು. ಸೋರುತ್ತದೆ ಅಂತ ತುಂಬಾ ಜನ ಅದರೊಳಗೆ ಗ್ರೀಸ್ ತುರುಕುತ್ತಾರಂತೆ. ಗ್ರೀಸ್ ಪಕ್ಕಕ್ಕೆ ಸರಿದು ಅಲ್ಲೇ ಕೂರುತ್ತದೆ, ಹಲ್ಲು ಒಣಗಿ ಸವೆಯುತ್ತದೆ. ಈಗ ಪ್ಲೇ ಒಂದು ಇಂಚಿಗಿಂತ ಕಮ್ಮಿ. ಬಿಡಿಭಾಗಕ್ಕೆ ಆದದ್ದು 9,000 ಚಿಲ್ಲರೆ. ಮೊದಲೇ ಇದನ್ನು ಮಾಡಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಾಕಿದ್ದನ್ನು ಕಿತ್ತು, ರ‍್ಯಾಕ್ ಕೂರಿಸಲು ಅವರು ಕತ್ತರಿಸಿದ್ದ ಕ್ರಾಸ್ ಮೆಂಬರ್ (ಗಾಡಿಯ ಮುಂಭಾಗದ ಕೆಳಗಿನ ಅಡ್ಡ ತೊಲೆ) ಸರಿಮಾಡಿಸಿ, ಬಾಕ್ಸ್ ಮತ್ತು ರಾಡ್ ಕೊಂಡು ಎಲ್ಲಾ ಸೇರಿ 41,000 ಕೊಟ್ಟೆ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ಇನ್ಶೂರೆನ್ಸ್‌ನವರೂ ಇದನ್ನು ಕೇಳಬಹುದು. ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದಕ್ಕೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಷಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಮ್ಮದಕ್ಕೆ 2029ರಲ್ಲಿ 50 ತುಂಬುತ್ತದೆ. ಅಪ್ಪ ಆ ದಿನಕ್ಕೆ ಕಾಯುತ್ತಿದ್ದಾರೆ. ಕ್ರಾಸ್ ಮೆಂಬರಿನಲ್ಲಿ ಹಾಕಿದ ತೇಪೆ ಅಲ್ಲೇ ಇದೆ.

ಈಗಾಗಲೇ ಹಾಕಿಸಿಬಿಟ್ಟಿದ್ದರೆ ಇವತ್ತೇ ಬಾನೆಟ್ ಎತ್ತಿ, ಸ್ಟೀರಿಂಗ್‌ನಿಂದ ರ‍್ಯಾಕಿನವರೆಗೆ ರಾಡನ್ನು ಬೆರಳಿನಿಂದ ಸವರಿಕೊಂಡು ಹೋಗಿ. ಎಲ್ಲಾದರೂ ವೆಲ್ಡ್ ಸಿಕ್ಕರೆ ಗಾಡಿ ತೆಗೆಯಬೇಡಿ. ಟೋ ಮಾಡಿಸಿ.

ಮುರಿದ ನನ್ನ ರಾಡನ್ನು ಗುಜರಿಗೆ ಕೊಡುವಾಗ ಕೈ ತಡೆಯಿತು. ಯಾರೋ ಅದನ್ನು ಮತ್ತೆ ವೆಲ್ಡ್ ಮಾಡಿ ಇನ್ನೊಂದು ಗಾಡಿಗೆ ಹಾಕಿಬಿಟ್ಟರೆ ಅನ್ನಿಸಿತು. ಅಲ್ಲೇ ಗ್ರೈಂಡರ್ ಕೇಳಿ, ಗೇಣುದ್ದ ಗೇಣುದ್ದ ತುಂಡು ಮಾಡಿಸಿ, ಆಮೇಲೆ ತಕ್ಕಡಿಗೆ ಹಾಕಿದೆ.