ಹಳೇ ನಿಘಂಟಿನಲ್ಲಿ ಹುಕುಮಶಹಾ ಹುಡುಕಿದ್ದು

ಕಳೆದ ಶನಿವಾರ ಮುಂಬೈಯ ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತ್‌ನಲ್ಲಿ 150 ರೂಪಾಯಿ ಕೊಟ್ಟು ಒಂದು ಇಂಗ್ಲಿಷ್-ಕನ್ನಡ ನಿಘಂಟು ತಂದೆ. ರಟ್ಟಿಲ್ಲ, ಮೊದಲ ಪುಟವೂ ಹರಿದಿದೆ. ಆದರೆ ಹೊಲಿಗೆ ಗಟ್ಟಿ, ಅಕ್ಷರ ದಪ್ಪ. ಭೂತಗನ್ನಡಿ ಇಲ್ಲದೇ ಓದಿದೆ.

ತರಲು ಕಾರಣ ಮೊಮ್ಮಗಳು. ಡೊಂಬಿವಲಿಯ ಮರಾಠಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. "ಅಜ್ಜಿ, ಹುಕುಮಶಹಾಗೆ ಕನ್ನಡದಲ್ಲಿ ಏನಂತಾರೆ?" ಅಂದಳು. ಹುಕುಮಶಹಾ ಅಂದರೆ ಮರಾಠಿಯಲ್ಲಿ ಡಿಕ್ಟೇಟರ್. ಸರ್ವಾಧಿಕಾರಿ ಅಂದೆ. "ಮತ್ತೆ ಟೈರಂಟ್? ಡೆಸ್ಪಾಟ್?" ನನಗೆ ಹೊಳೆಯಲಿಲ್ಲ.

ಈ ನಿಘಂಟಿನಲ್ಲಿ ಎರಡಕ್ಕೂ "ನಿರಂಕುಶ ಪ್ರಭು" ಅಂತಲೇ ಇದೆ. ಬಳಕೆಯ ಒಂದು ವಾಕ್ಯವೂ ಇಲ್ಲ. ನನಗೆ ಜಾಸ್ತಿ ಬೇಸರವಾಗಿದ್ದು ಇದಕ್ಕೇ. ಗ್ರೀಕರಲ್ಲಿ ಟಿರಾನೋಸ್ ಅಂದರೆ ಮೊದಲು ವಂಶದ ಹಕ್ಕಿಲ್ಲದೆ ಅಧಿಕಾರ ಹಿಡಿದವನು. ಅವನು ಕೆಟ್ಟವನೇ ಆಗಿರಬೇಕು ಅಂತಿರಲಿಲ್ಲ. ಡೆಸ್ಪಾಟ್ ಅವರಿಗೆ ಮನೆಯ ಯಜಮಾನ. ಡಿಕ್ಟೇಟರ್ ಅಂದರೆ ರೋಮಿನಲ್ಲಿ ಆಪತ್ತು ಬಂದಾಗ ಹೆಚ್ಚೆಂದರೆ 6 ತಿಂಗಳಿಗೆ ನೇಮಿಸುತ್ತಿದ್ದ ಅಧಿಕಾರಿ. ನಮ್ಮ ಸರ್ವಾಧಿಕಾರಿ ಕೂಡ ಬೈಗುಳವಾಗಿರಲಿಲ್ಲ. 18ನೇ ಶತಮಾನದ ಮೈಸೂರಿನಲ್ಲಿ ಅದೊಂದು ಹುದ್ದೆ. ಕಳಲೆ ನಂಜರಾಜಯ್ಯ ಆ ಹುದ್ದೆಯಲ್ಲಿದ್ದರು. ಅರಸರು ಹೆಸರಿಗೆ ಮಾತ್ರ, ಆಡಳಿತವೆಲ್ಲ ಇವರ ಕೈಯಲ್ಲಿ. ಮಾತು ಹೇಗೆ ಬಣ್ಣ ಬದಲಿಸಿತು ಅಂತ ಇಲ್ಲೇ ಕಾಣುತ್ತದೆ, ಅಲ್ವಾ?

ಆದರೂ "ನಿರಂಕುಶ" ಅನ್ನುವ ಪದ ಕೊಟ್ಟಿದ್ದಕ್ಕೆ ಈ ಪುಸ್ತಕ ನನಗೆ ಇಷ್ಟ. ಅಂಕುಶ ಅಂದರೆ ಮಾವುತನ ಕೈಯ ಕೊಕ್ಕೆ. ಅದಿಲ್ಲದ ಆನೆ ಊರೊಳಗೆ ನುಗ್ಗಿದರೆ ಹೇಗಿರುತ್ತದೆ ಅಂತ ಹೇಳಿದೆ. ಹುಡುಗಿಗೆ ತಕ್ಷಣ ಅರ್ಥವಾಯಿತು. "ಹಾಗಾದ್ರೆ ಚುನಾವಣೆ, ಕೋರ್ಟು ಇವೇ ಅಂಕುಶ" ಅಂದಳು. ಅದೇ ಪದವನ್ನು ಕುವೆಂಪು ಹೊಗಳಿಕೆಯಾಗಿ ಬಳಸಿದರು, "ನಿರಂಕುಶಮತಿಗಳಾಗಿ" ಅಂತ ಯುವಕರಿಗೆ ಕರೆ ಕೊಟ್ಟರು ಅಂತಲೂ ಹೇಳಿದೆ. ಬುದ್ಧಿಗೆ ಅಂಕುಶ ಬೇಡ, ಗದ್ದುಗೆಗೆ ಬೇಕು.

ಇನ್ನೊಂದು ಕೊರತೆ ಇದೆ. ಜನ ಬಾಯಲ್ಲಿ ಆಡುವ ಮಾತು ಇದರಲ್ಲಿ ಕಡಿಮೆ. ಲೋಕಲ್ ಟ್ರೇನಿನಲ್ಲಿ ನಾವ್ಯಾರೂ "ನಿರಂಕುಶ ಪ್ರಭು" ಅನ್ನುವುದಿಲ್ಲ. "ದಬ್ಬಾಳಿಕೆ ಮಾಡ್ತಾನೆ", "ಪಾಳೇಗಾರಿಕೆ ನಡೆಸ್ತಾನೆ" ಅಂತೀವಿ. ಟೈರಂಟ್ ಪಕ್ಕದಲ್ಲಿ ಇವೆರಡನ್ನೂ ಮೊಮ್ಮಗಳ ಕೈಯಿಂದಲೇ ಪೆನ್ಸಿಲ್‌ನಲ್ಲಿ ಬರೆಸಿದೆ.

ಶಾಲೆ ಮಕ್ಕಳಿಗೆ ಈ ನಿಘಂಟು ಒಂದೇ ಸಾಲದು. ದೊಡ್ಡವರು ಪಕ್ಕದಲ್ಲಿ ಕೂತು ಹೇಳಿಕೊಡುವುದಾದರೆ ಧಾರಾಳವಾಗಿ ಕೊಳ್ಳಬಹುದು. ಫೌಂಟನ್‌ಗೆ ಹೋದವರು ಇಂಗ್ಲಿಷ್ ಕಾದಂಬರಿಗಳ ಕಟ್ಟಿನ ಕೆಳಗೆ ಕೈ ಹಾಕಿ ನೋಡಿ. ನನಗೆ ಇದು ಸಿಕ್ಕಿದ್ದು ಅಲ್ಲೇ.